ನಾಳೆ ಬತ್ತೀನಿ ಎಂದು ಕಟ್ಟಿದ ದಾರ

ಮೊನ್ನೆ ಪ್ರಯೋಗಶಾಲೆಗೆ ಬಂದ ಒಣ ಸೊಪ್ಪಿನ ಚೀಲ ಬಿಚ್ಚಿದರೆ, ಕಡ್ಡಿಯೊಂದಕ್ಕೆ ಅರಿಶಿನದ ದಾರ ಸುತ್ತಿಕೊಂಡಿತ್ತು. ಸಡಿಲ ಗಂಟು. ಮೂಗಿನ ಹತ್ತಿರ ಹಿಡಿದೆ... ಕಹಿಯ ಹಿಂದೆಯೇ ಹಸಿ ಶುಂಠಿಯಂಥ ಘಾಟು. ಹೊಸೂರಿನ ಈ ಕಂಪನಿಯಲ್ಲಿ ಗಿಡಮೂಲಿಕೆಗಳ ಸಾರ ತೆಗೆದು ಪರೀಕ್ಷಿಸುವುದೇ ನನ್ನ ಕೆಲಸ, ವಾಸನೆಗಳೇನೂ ಹೊಸವಲ್ಲ. ಆದರೂ ಈ ಘಾಟಿಗೆ ನಮ್ಮೂರಿನ ಸೊಪ್ಪು ನೆನಪಾಯಿತು.

ಡೆಂಕಣಿಕೋಟೆ ಕಡೆಯ ನಮ್ಮೂರಿನಲ್ಲಿ, ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಊತಕ್ಕೆ ಸೊಪ್ಪು ಅರೆದು ಕಟ್ಟುತ್ತಿದ್ದರು. ಮಂಡಿ ಊದಿ ಎರಡು ವರ್ಷ ನೆಲಕ್ಕೆ ಕೂರಲಾಗದ ನಮ್ಮವ್ವ, ಅವರ ಕಟ್ಟು ಬಿದ್ದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವರೆಕಾಯಿ ಸುಲಿದಳು.

ಅಜ್ಜಿಯದೊಂದು ಕಟ್ಟಳೆ. ಸೊಪ್ಪು ಕೀಳುವ ಹಿಂದಿನ ಸಂಜೆ ಗುಡ್ಡಕ್ಕೆ ಹೋಗಿ, ಗಿಡಕ್ಕೆ ಅರಿಶಿನದ ದಾರ ಕಟ್ಟಿ, "ನಾಳೆ ಬತ್ತೀನಿ ಕಣವ್ವ" ಎಂದು ಹೇಳಿ ಬರಬೇಕು. ಬೆಳಿಗ್ಗೆ ಒಂದು ಗಿಡಕ್ಕೆ ಒಂದೇ ಹಿಡಿ. ಹೇಳದೆ ಕಿತ್ತ ಸೊಪ್ಪು ಕೆಲಸ ಮಾಡುವುದಿಲ್ಲವಂತೆ. ಕಣ್ಣು ಮಂಜಾದ ಮೇಲೆ, ರಜೆಗೆ ಹೋಗಿದ್ದ ನನ್ನನ್ನೇ ಒಮ್ಮೆ ದಾರ ಕಟ್ಟಲು ಕರೆದೊಯ್ದರು.

"ಎಮ್ಮೆ ಕಟ್ದಂಗೆ ಬಿಗೀತೀಯಲ್ಲಲಾ! ಅದೇನು ಓಡೋಗಾಕಿಲ್ಲ, ಸಡ್ಲ ಬುಡು."

ಅವರನ್ನೇ ಕೇಳಿ ಒಂದು ಹಿಡಿ ಸೊಪ್ಪು ಹೊಸೂರಿಗೆ ತಂದೆ. ಪರೀಕ್ಷೆಯ ದ್ರಾವಣ ಗಾಢ ನೇರಳೆ. ಸಾರದಲ್ಲಿ ಆಂಟಿಆಕ್ಸಿಡೆಂಟ್ ಗುಣ ಇದ್ದಷ್ಟೂ ಆ ಬಣ್ಣ ಇಳಿದು ಹಳದಿಯಾಗುತ್ತದೆ. ಅಜ್ಜಿಯ ಸೊಪ್ಪಿನ ಹನಿ ಬಿದ್ದದ್ದೇ ತಡ, ನೇರಳೆ ಮಾಯ. ಊತ ಇಳಿಸುವ ಪರೀಕ್ಷೆಯಲ್ಲೂ ಗೆದ್ದಿತು. ನಮ್ಮ ಮೇಲಿನ ಸಾರ್ ಬೆನ್ನು ತಟ್ಟಿ, "ಸೂಪರ್ ಪಾ! ಗಿಡ ಎಲ್ಲಿದೆ?" ಎಂದರು. ಉಬ್ಬಿಹೋದೆ. ಗುಡ್ಡದ ದಾರಿ ಹೇಳಿದೆ. ಗುರುತು ತಪ್ಪದಿರಲಿ ಅಂತ, ಹಳದಿ ದಾರ ಕಟ್ಟಿದ ಗಿಡ ನೋಡಿ ಎಂದೂ ಸೇರಿಸಿದೆ.

ಸೊಪ್ಪು ಕೊಯ್ಯುತ್ತಾರೆ ಅಂದುಕೊಂಡಿದ್ದೆ. ಕಂಪನಿಯ ಆಳುಗಳು ಬೇರುಸಮೇತ ಅಗೆದು ಚೀಲ ತುಂಬಿದ್ದರು.

ಆ ಭಾನುವಾರ ಊರಿಗೆ ಹೋದರೆ ಅಜ್ಜಿ ನಮ್ಮ ಜಗಲಿಯ ಮೇಲೆ ಕೂತಿದ್ದರು. ಮಡಿಲಲ್ಲಿ ದಾರದ ಉಂಡೆ.

"ಬರೀ ಗುಳಿ ಕಣ್ಲಾ... ದಾರ ಕಟ್ಬುಟ್ಟು ನಾಳೆ ಬತ್ತೀನಿ ಅಂದಿದ್ದೆ. ಜ್ವರ ಅಂತ ಎಲ್ಡು ದಿನ ಮನೀಕಂಡೆ. ಮಾತು ತಪ್ಪಿದ್ದಕ್ಕೆ ಮುನಿಸ್ಕಂಡು ಹೊಂಟೋದ್ವು."

"ನಿಂಗೇನಾರ ಗೊತ್ತೇನ್ಲಾ?" ಅವ್ವ ಒಳಗಿನಿಂದ ಕೇಳಿದಳು.

"ಇಲ್ಲವ್ವ," ಅಂದೆ.

ಅಜ್ಜಿ ಮತ್ತೆ ಯಾರಿಗೂ ಸೊಪ್ಪು ಕಟ್ಟಲಿಲ್ಲ. ಬೇರೆ ಗುಡ್ಡದಲ್ಲಿ ಹುಡುಕೋಣ ಎಂದರೆ, "ಯಾವ ಮೊಕ ಇಟ್ಕಂಡು ಹೋಗ್ಲಿ?" ಎಂದರು. ಅವ್ವನ ಮಂಡಿ ಮತ್ತೆ ಊದಿತು. ಮುಂದಿನ ಚಳಿಗಾಲಕ್ಕೆ ಅಜ್ಜಿ ಹೋದರು, ತಪ್ಪು ತನ್ನದೇ ಎಂದು ನಂಬಿಕೊಂಡೇ... ನಿಜ ಹೇಳಲು ನನಗೆ ಎಷ್ಟು ಭಾನುವಾರಗಳಿದ್ದವು.

ಮೊನ್ನೆಯ ಚೀಲ ಯಾವ ಗುಡ್ಡದ್ದೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ದಾರ ಹಳೆಯದಲ್ಲ, ಬೆರಳಿಗೆ ಇನ್ನೂ ಅರಿಶಿನ ಹತ್ತುತ್ತಿತ್ತು. ಎಲ್ಲೋ ಯಾರೋ ನಾಳೆ ಬರುವುದಾಗಿ ಹೇಳಿ ಮನೆಗೆ ಹೋಗಿದ್ದಾರೆ. ಬೆಳಿಗ್ಗೆ ಬಂದು ಗುಳಿಯ ಮುಂದೆ ನಿಂತು...

ದಾರ ಬಿಡಿಸಿ ಕಿಸೆಗೆ ಹಾಕಿಕೊಂಡೆ. ಸಾರ ತೆಗೆದು ಹನಿ ಬಿಟ್ಟೆ. ನೇರಳೆ ಇಳಿಯಿತು. ಉಳಿದದ್ದು ಥೇಟ್ ಆ ದಾರದ ಬಣ್ಣ.