ಕರೆದರೆ ಓ ಅನ್ನಬೇಕು

ಅವಳ ಬಲಗಿವಿ ಯಾವಾಗಲೂ ಸೆರಗಿನ ಹೊರಗೇ ಇರುತ್ತಿತ್ತು. ತಲೆಯ ಮೇಲೆ ಸೆರಗಿಲ್ಲದ ಹೆಂಗಸು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಅವಳೂ ಹೊದೆಯುತ್ತಿದ್ದಳು, ಆದರೆ ಬಲಗಡೆ ಮಾತ್ರ ಅದನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಬಿಡುತ್ತಿದ್ದಳು. ಎಂದೋ ಭಾರದ ಓಲೆ ಹಾಕಿ ಹಾಲೆ ಹರಿದು ಎರಡಾಗಿದ್ದ ಕಿವಿ ಅದು. ನನ್ನ ಜಡೆ ಹೆಣೆಯುವಾಗ, ತಮ್ಮನ ಮೂಗು ಒರೆಸುವಾಗ, ಕೈ ನಮ್ಮ ಮೇಲಿದ್ದರೂ ಕಿವಿ ಬೇರೆಲ್ಲೋ ಇರುತ್ತಿತ್ತು. ಅಜ್ಜಿಗೆ ಇದು ಕಂಡರಾಗುತ್ತಿರಲಿಲ್ಲ. “ಕಿವಿ ಮುಚ್ಚಗೊಂಡ್ರ ಏನ ಸವಿತದ ನಿಂದು?” ಎಂದು ದಿನಕ್ಕೊಮ್ಮೆಯಾದರೂ ಗದರುತ್ತಿದ್ದಳು. “ಮುಚ್ಚಿದ್ರ ಕೇಳಸೂದಿಲ್ರೀ ಅವ್ವಾರ” ಎಂದು ಅವಳು ಪ್ರತಿಸಲವೂ ಅದೇ ಉತ್ತರ ಕೊಡುತ್ತಿದ್ದಳು.

ಸೊಲ್ಲಾಪುರದಲ್ಲಿ ನಮ್ಮದು ಮುಂದೆ ಚಾದರದ ಅಂಗಡಿ, ಹಿಂದೆ ಮನೆ. ತಮ್ಮ ಹುಟ್ಟಿದ ಮೇಲೆ ಅವ್ವ ಹಾಸಿಗೆ ಬಿಟ್ಟು ಏಳುವುದೇ ಅಪರೂಪವಾಯಿತು. ಅಪ್ಪ ಅಂಗಡಿ ಬಿಟ್ಟು ಬರುವವರಲ್ಲ, ಅಜ್ಜಿ ದೇವರಮನೆ ಬಿಟ್ಟು ಬರುವವಳಲ್ಲ. ಆಗ ಅಕ್ಕಲಕೋಟದ ಕಡೆಯ ಗಿರಾಕಿಯೊಬ್ಬರು ಚಪಳಗಾಂವದಿಂದ ಇವಳನ್ನು ಕರೆತಂದು ಬಿಟ್ಟರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಆರು ವರ್ಷ. ಮನೆಯಲ್ಲಿ ಕಸ ಹೊಡೆಯುವಾಕೆ ಇದ್ದಳು, ರೊಟ್ಟಿ ಬಡಿಯುವಾಕೆ ಇದ್ದಳು. ಇವಳು ನಮ್ಮಲ್ಲೇ ಉಂಡು, ನಮ್ಮಲ್ಲೇ ಮಲಗಿ, ನಮ್ಮಿಬ್ಬರನ್ನು ಆಡಿಸಬೇಕು, ಅಷ್ಟೇ ಕೆಲಸ. ಆದ್ದರಿಂದ ಎಲ್ಲರ ಬಾಯಲ್ಲೂ ಅವಳು ‘ಆಡಸಾಕಿ’ ಆದಳು. ಅವಳಿಗೊಂದು ಹೆಸರಿದ್ದೀತು ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಮಕ್ಕಳನ್ನು ಹೇಗೆ ಆಡಿಸಬೇಕೆಂದು ಈಗಿನವರು ಪುಸ್ತಕ ಕೊಂಡು ಓದುತ್ತಾರೆ. ಓದಲಿ ಪಾಪ. ಆಡಸಾಕಿಗೆ ಓದಲು ಬರುತ್ತಿರಲಿಲ್ಲ. ಒಂದು ಜೋಳದ ದಂಟು ಕೈಗೆ ಸಿಕ್ಕರೆ ಸಿಪ್ಪೆ ಸುಲಿದು, ಒಳಗಿನ ಬೆಂಡು ತುಂಡುಮಾಡಿ, ಸಿಪ್ಪೆ ಬಾಗಿಸಿ ಬೆಂಡಿಗೆ ಚುಚ್ಚಿ, ಐದು ನಿಮಿಷದಲ್ಲಿ ಚಸ್ಮಾ ಮಾಡಿ ಮೂಗಿನ ಮೇಲೆ ಇಡುತ್ತಿದ್ದಳು. “ಇದನ್ನ ಹಾಕ್ಕೊಂಡ್ರ ಸುಳ್ಳ ಹೇಳವರು ಕಾಣತಾರ” ಎಂದು ಗಂಭೀರವಾಗಿ ಹೇಳುತ್ತಿದ್ದಳು. ತಮ್ಮ ಒಮ್ಮೆ ಆ ಚಸ್ಮಾ ಹಾಕಿಕೊಂಡು ಅಂಗಡಿಯ ಗಾದಿಯ ಮೇಲೆ ಕೂತು, ಬಂದ ಗಿರಾಕಿಗೆ “ಕಾಯ್ ಪಾಹಿಜೆ?”, ಏನು ಬೇಕು, ಎಂದು ಥೇಟ್ ಅಪ್ಪನ ಗತ್ತಿನಲ್ಲಿ ಕೇಳಿದ. ಅಪ್ಪ ಅಂಗಡಿಯಲ್ಲಿ ಕೂತು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚಾದರದ ಅಂಚು ಕತ್ತರಿಸಿ ಉಳಿದ ಚಿಂದಿಯಲ್ಲಿ ಗೊಂಬೆ ಹೊಲಿಯುತ್ತಿದ್ದಳು. ಎಲ್ಲರೂ ಗೊಂಬೆಗೆ ಕಣ್ಣು ಮೂಗು ಬರೆದು ಕೈತೊಳೆದುಕೊಂಡರೆ ಇವಳು ಮೊದಲು ಹೊಲಿಯುತ್ತಿದ್ದುದು ಎರಡು ದೊಡ್ಡ ಕಿವಿ. ಯಾಕೆ ಎಂದರೆ, “ಕಿವಿ ಇಲ್ದ ಗೊಂಬಿ ಕರದ್ರ ಬರೂದಿಲ್ಲ” ಎನ್ನುವಳು. ನಮ್ಮ ಗೊಂಬೆಗಳೆಲ್ಲ ಮೊಲದಂತೆ ಕಾಣುತ್ತಿದ್ದವು.

ಬಿಸಿಲು ಹೆಚ್ಚಾದ ಮಧ್ಯಾಹ್ನ ಕಟ್ಟೆಯ ಮೇಲೆ ನಮ್ಮನ್ನು ಕಣ್ಣು ಮುಚ್ಚಿಸಿ ಕೂಡಿಸುತ್ತಿದ್ದಳು. “ಏನೇನ್ ಕೇಳಾಕತ್ತದ, ಹೇಳ್ರಿ.” ಅಂಗಡಿಯಲ್ಲಿ ಕತ್ತರಿಯ ಸದ್ದು, ನಾವು ಹೇಳುತ್ತಿದ್ದೆವು. “ಇನ್ನೂ ದೂರ ಕೇಳ್ರಿ.” ಓಣಿಯಲ್ಲಿ ಟಾಂಗಾ. “ಇನ್ನೂ ದೂರ.” ಬಟ್ಟೆ ಗಿರಣಿಯ ಭೋಂಗಾ, ಪಾಳಿಗೆ ಕರೆಯುವ ಸೈರನ್ನು. ಊರಲ್ಲಿ ಎಷ್ಟು ಗಿರಣಿಗಳಿದ್ದವೋ ಅಷ್ಟರ ಭೋಂಗಾವನ್ನೂ ಅವಳು ಬೇರೆ ಬೇರೆ ಗುರುತಿಸಬಲ್ಲವಳಾಗಿದ್ದಳು. ಭೋಂಗಾ ನಿಂತ ಮೇಲೂ ಅವಳು ಕಣ್ಣು ತೆರೆಯುತ್ತಿರಲಿಲ್ಲ. ಅದಕ್ಕಿಂತ ದೂರ ಅವಳಿಗೇನು ಕೇಳಿಸುತ್ತಿತ್ತೋ, ನಮಗೆ ತಿಳಿಯುತ್ತಿರಲಿಲ್ಲ.

ಕಣ್ಣಾಮುಚ್ಚಾಲೆಯಲ್ಲಿ ಮಾತ್ರ ಅವಳದೊಂದು ವಿಚಿತ್ರ ಕಾನೂನಿತ್ತು. “ಎಲ್ಲಿ ಬೇಕಾದಲ್ಲಿ ಅಡಗರಿ. ಆದ್ರ ನಾ ಕರದ್ರ ಓ ಅನಬೇಕು. ಒಂದನೇ ಕರಿಗೇ.” ಓ ಅಂದರೆ ಸಿಕ್ಕಿಬೀಳುವುದಿಲ್ಲವೇ? ಅಡಗಿ ಏನು ಬಂತು? ನಾನು ವಾದ ಮಾಡಿದೆ, ಅತ್ತು ಕಾಲು ಬಡಿದೆ. ಅವಳು ಜಗ್ಗಲಿಲ್ಲ. ಬದಲಿಗೆ ಹುಸಿ ದನಿ ಕಲಿಸಿದಳು: ಕೊಡದೊಳಗೆ ಬಾಯಿಟ್ಟು ಓ ಅಂದರೆ ಬಚ್ಚಲಿನಿಂದ ಬಂದಂತಾಗುತ್ತದೆ, ಮಡಿಸಿದ ಚಾದರಕ್ಕೆ ಮುಖ ಒತ್ತಿ ಅಂದರೆ ಮಾಳಿಗೆಯಿಂದ ಬಂದಂತಾಗುತ್ತದೆ. ಹೀಗೆ ಓ ಅಂದೂ ಸಿಗದೆ ಇರುವ ಕಲೆಯಲ್ಲಿ ನಾನು ಪಳಗಿದೆ. ನಾನು ಓ ಅಂದಾಗಲೆಲ್ಲ ಅವಳ ಭುಜ ಸಡಿಲವಾಗುವುದನ್ನು ಮರೆಯಿಂದ ನೋಡುತ್ತಿದ್ದೆ. ಆಮೇಲೆ ಹುಡುಕುವುದರಲ್ಲಿ ಅವಳಿಗೆ ಆತುರವೇ ಇರುತ್ತಿರಲಿಲ್ಲ.

ಅಜ್ಜಿಯ ಕಾನೂನು ಇದಕ್ಕೆ ತದ್ವಿರುದ್ಧ. “ನಡು ಮಧ್ಯಾನ್ದಾಗ ಯಾರರ ಹೆಸರ ಹಿಡದು ಕರದ್ರ ಓ ಅನಬ್ಯಾಡ್ರಿ. ದೆವ್ವಕ್ಕ ಮೂರ ಸಲ ಕರಿಯಾಕ ಬರೂದಿಲ್ಲ. ಮೂರನೇ ಕರಿಗೆ ಅನ್ರಿ.” ಒಂದೇ ಮನೆಯಲ್ಲಿ ಎರಡು ಸರಕಾರ. ಇಬ್ಬರೂ ಎದುರೆದುರು ಜಗಳಾಡಲಿಲ್ಲ, ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ನಮಗೆ ಕಲಿಸುತ್ತಿದ್ದರು.

ಆ ದಿನ ಭಾನುವಾರ, ನನಗೆ ಒಂಬತ್ತು. ಹಿಂದಿನ ದಿನ ಓಣಿಯ ಹುಡುಗಿಯರು ನನ್ನನ್ನು ‘ಓ ಬಾಯಿ’ ಎಂದು ಹಂಗಿಸಿದ್ದರು. ಒಂದು ಸಲವಾದರೂ ನಿಜವಾಗಿ ಗೆಲ್ಲಬೇಕೆಂಬ ಹಟ ಹತ್ತಿತ್ತು. ಹೊಸ ಜೋಳ ಬರುವ ಮುಂಚಿನ ದಿನಗಳವು. ಹಿಂದಿನ ಕೋಣೆಯಲ್ಲಿ ಬಿದಿರು ಹೆಣೆದು ಸೆಗಣಿ ಸಾರಿಸಿದ ಆಳೆತ್ತರದ ಕಣಜ ಬರಿದಾಗಿತ್ತು, ಒಳಗೆ ಬೇವಿನ ಸೊಪ್ಪು ಹಾಸಿದ್ದರು. ಚಾದರದ ಗಂಟು ಹತ್ತಿ ಒಳಗಿಳಿದು, ಮೇಲೆ ಮೊರ ಮುಚ್ಚಿಕೊಂಡು ಕೂತೆ.

“ಚಿಮಣೀ!” ಎಂದು ಕೂಗಿದಳು. ಚಿಮಣಿ ಎಂದರೆ ಮರಾಠಿಯಲ್ಲಿ ಗುಬ್ಬಿ, ಅವಳು ನನಗಿಟ್ಟ ಹೆಸರು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಅವಳ ಹೆಜ್ಜೆ ಕೋಣೆಯ ಬಾಗಿಲಿಗೆ ಬಂದು ನಿಂತಿತು. ಹೊತ್ತು ಹೋಯಿತು. ಆಮೇಲೆ ಎರಡನೆಯ ಕೂಗು ಬಂತು. ದನಿ ಅವಳದೇ ಹೌದು, ಅಲ್ಲವೂ ಹೌದು, ಅಷ್ಟು ತೆಳ್ಳಗಿತ್ತು.

“ನಿಂಗೀ!”

ಅದು ನನ್ನ ಹೆಸರಲ್ಲ. ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಅಜ್ಜಿ ಹೇಳಿದ ನಡು ಮಧ್ಯಾಹ್ನದ ಕರೆ ಇದೇ ಎಂದುಕೊಂಡೆ. ಬೇವಿನ ಸೊಪ್ಪಿನ ಮೇಲೆ ಮುದುಡಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮೂರನೆಯ ಕರೆಗಾಗಿ ಕಾದೆ. ಮೂರನೆಯ ಕರೆ ಬರಲೇ ಇಲ್ಲ.

ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದಾಗ ಅವಳು ಅಂಗಳದ ನಡುವೆ ಬಿಸಿಲಲ್ಲಿ ಕೂತಿದ್ದಳು. ಸೆರಗನ್ನು ಎರಡೂ ಕಿವಿಯ ಮೇಲೆ ಎಳೆದು ಗಟ್ಟಿಯಾಗಿ ಹಿಡಿದಿದ್ದಳು. ತಮ್ಮ ಪಕ್ಕದಲ್ಲಿ ನಿಂತು ಅಳುತ್ತಿದ್ದ. ನಾನು ಹೆಗಲು ಮುಟ್ಟಿದೆ. ಅವಳು ನನ್ನ ತಲೆ ಹಿಡಿದು ಕೂದಲು ಮೂಸಿದಳು. “ಜ್ವಾಳದ ವಾಸನಿ ಬರಾಕತ್ತದ” ಎಂದಳು. “ಒಳಗಿಂದ ಹ್ಯಾಂಗ ಬಂದಿ ನೀ?”

ಅಳುವಿನ ಸದ್ದಿಗೆ ಅವ್ವ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಅಜ್ಜಿಯೂ ಬಂದಳು. “ಆಕಿ ಕರದ್ರ ನೀ ಓ ಅನ್ನಲಿಲ್ಲೇನು?” ಎಂದು ಅವ್ವ ನನ್ನನ್ನು ಕೇಳಿದಳು. ಪೆಟ್ಟಿನ ಭಯ ನನಗೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಅಂದೆನೆಲ್ಲ! ಎರಡ ಸಲ ಅಂದೆ. ಆಕೀಗೇ ಕೇಳಸಲಿಲ್ಲ.”

ಆಡಸಾಕಿ ನನ್ನತ್ತ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅನುಮಾನ ಪಟ್ಟಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವಳು ಅನುಮಾನವನ್ನೂ ಪಡಲಿಲ್ಲ, ಪೂರ್ತಿ ನಂಬಿದಳು. ಮೆಲ್ಲಗೆ ತನ್ನ ಬಲಗಿವಿ ಮುಟ್ಟಿಕೊಂಡು, “ಅಂದಿದ್ದೇನವಾ? ಹಂಗಾರ ನನಗ ಕೇಳಸಿಲ್ಲ” ಎಂದಳು. ಆಮೇಲೆ ಯಾರಿಗೂ ಅಲ್ಲದಂತೆ ಹೇಳಿದಳು: “ಆವತ್ತೂ ಹಂಗೇ ಆಗಿರಬೇಕು.”

ಆವತ್ತು ಅಂದರೆ ಯಾವತ್ತು ಎಂದು ಸಂಜೆ ಅಜ್ಜಿ ಹೇಳಿದಳು. ಅಜ್ಜಿಗೆ ಮೊದಲಿಂದಲೂ ಗೊತ್ತಿತ್ತಂತೆ. ನಿಂಗಿ ಆಡಸಾಕಿಯ ಮಗಳು, ಒಬ್ಬಳೇ ಮಗಳು. ಚಪಳಗಾಂವದಲ್ಲಿ ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬುವ ಹಗೇವುಗಳಿರುತ್ತವೆ. ಬಾಯಿ ತೆಗೆದ ಹಗೇವಿಗೆ ಗಾಳಿಯಾಡದೆ ದೊಡ್ಡವರೂ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಉಸಿರು ನಿಲ್ಲಿಸುತ್ತದೆ. ನಿಂಗಿ ಗೆಳತಿಯರ ಜೊತೆ ಕಣ್ಣಾಮುಚ್ಚಾಲೆ ಆಡುತ್ತ, ಆಗಷ್ಟೇ ಬಾಯಿ ತೆಗೆದು ಬಿಟ್ಟಿದ್ದ ಹಗೇವಿಗೆ ಇಳಿದಿದ್ದಳು. ತಾಯಿ ಉಣ್ಣಲು ಕರೆದಳು. ಎರಡು ಸಲ ಕರೆದಳು. ಉತ್ತರ ಬರದಿದ್ದಾಗ ಸಿಟ್ಟಿನಲ್ಲಿ, “ಬರದಿದ್ರ ಅಲ್ಲೇ ಇರು ಹಂಗಾರ” ಎಂದು ಒಳಗೆ ಹೋಗಿಬಿಟ್ಟಳು.

ಹೇಳಿ ಮುಗಿಸಿದ ಅಜ್ಜಿ ಜಪಮಣಿ ಕೆಳಗಿಟ್ಟು ದೇವರಮನೆಗೆ ಎದ್ದು ಹೋದಳು. ಮೂರನೆಯ ಕರೆಯ ಮಾತನ್ನು ಅವಳು ಮತ್ತೆಂದೂ ನಮಗೆ ಹೇಳಲಿಲ್ಲ.

ನಾನು ಎಂಥ ಮಾತು ಆಡಿದ್ದೆನೆಂದು ಆಗ ಅರ್ಥವಾಯಿತು. ಮಗಳು ಓ ಅನ್ನಲಿಲ್ಲ ಎಂಬುದಷ್ಟೇ ಆಡಸಾಕಿ ಅಲ್ಲಿಯವರೆಗೆ ಹೊತ್ತುಕೊಂಡಿದ್ದ ಭಾರ. ಮಗಳು ಓ ಅಂದಿದ್ದಳು, ತನಗೆ ಕೇಳಿಸಲಿಲ್ಲ ಎಂಬುದನ್ನು ಅದರ ಮೇಲೆ ನಾನು ಹೇರಿದ್ದೆ. ಎದ್ದು ಹೋಗಿ “ನಾ ಸುಳ್ಳ ಹೇಳೀನಿ” ಅಂದರೆ ಸಾಕಿತ್ತು, ಮೂರೇ ಮಾತು. ಈ ಹೊತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಒಂದು ವಾರ ಕಳೆದೆ. ಆ ವಾರವೆಲ್ಲ ಅವಳು ಆಟ ಆಡಿಸಲಿಲ್ಲ. ತಮ್ಮನ ಅಂಗಿಯ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡು ಓಡಾಡುತ್ತಿದ್ದಳು. ನನ್ನ ಸಾಲೆಯ ಬಾಗಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದಳು.

ಎಂಟನೆಯ ದಿನ ಅಪ್ಪನ ಮುಂದೆ ನಿಂತಳು. “ನನ್ನ ಕಿವಿ ಹೋಗ್ಯಾವ್ರಿ ಧಣೇರ. ಕಿವಿ ಇಲ್ದಾಕಿ ಹುಡುಗೂರನ್ನ ಆಡಸಬಾರದು.” ಯಾರು ಹೇಳಿದರೂ ನಿಲ್ಲಲಿಲ್ಲ. ಹೋಗುವಾಗ ನನ್ನ ಗದ್ದ ಹಿಡಿದು, “ನಿನ್ನ ತಪ್ಪಲ್ಲ ಚಿಮಣೀ” ಎಂದಳು. ಆಗಲೂ ನನ್ನ ಬಾಯಿ ತೆರೆಯಲಿಲ್ಲ. ಅವಳು ಬಿಟ್ಟುಹೋದ ಅರ್ಧ ಹೊಲಿದ ಗೊಂಬೆಗೆ ಕಣ್ಣಿತ್ತು, ಬಾಯಿತ್ತು, ಕಿವಿ ಇರಲಿಲ್ಲ. ನಾನು ಅದನ್ನು ಚಾದರದ ಗಂಟುಗಳ ಹಿಂದೆ ಬಿಸಾಡಿ ಬಂದೆ, ಮರುದಿನ ಹೋಗಿ ತಂದೆ.

ನಾಲ್ಕು ವರ್ಷದ ಮೇಲೆ ಅಜ್ಜಿ ನನ್ನನ್ನು ಕರೆದುಕೊಂಡು ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋದಳು. ದರ್ಶನ ಮುಗಿಸಿ ಬಂದವಳು ಬಸ್ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸು ಬಿಟ್ಟು ಚಪಳಗಾಂವದ ಬಸ್ಸು ಹತ್ತಿದಳು. “ಆಡಸಾಕಿಗೆ ಆರಾಮಿಲ್ಲಂತ. ನೋಡ್ಕೊಂಡ ಹೋಗೂಣು” ಎಂದಳು. ದಾರಿಯುದ್ದಕ್ಕೂ ನಾನು ಆ ಮೂರು ಮಾತನ್ನು ಬಾಯಿಪಾಠ ಮಾಡಿದೆ. ಹದಿಮೂರು ವರ್ಷದವಳಿಗೆ ಪೆಟ್ಟಿನ ಭಯವಿರಲಿಲ್ಲ. ಹೇಳುವುದು ತಡವಾಯಿತೇನೋ ಎಂಬ ಭಯವಿತ್ತು.

ಅವಳ ಅಣ್ಣನ ಮನೆ ತಲುಪುವಾಗ ಸೂರ್ಯ ನೆತ್ತಿಯ ಮೇಲಿದ್ದ. ಅತ್ತಿಗೆ ಬಾಗಿಲಲ್ಲೇ ಹೇಳಿದಳು: “ಯಾರ ಗುರ್ತೂ ಹಿಡಿಯೂದಿಲ್ರಿ. ದಿನಾ ಮಗಳನ್ನ ಕರೀತಾಳ. ನಮಗ ಅಂಜಿಕಿ ಬರ್ತದ್ರಿ, ಯಾರೂ ಓ ಅನ್ನಂಗಿಲ್ಲ.” ಒಳಗೆ ಹೊರಸಿನ ಮೇಲೆ ಆಡಸಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಲೆಯ ಮೇಲೆ ಸೆರಗು, ಬಲಗಿವಿ ಹೊರಗೆ. ಅಷ್ಟು ಸಣ್ಣಗಾಗಿದ್ದಳು, ಕಿವಿಯೊಂದೇ ದೊಡ್ಡದಾಗಿ ಕಂಡಿತು. ನಾನು ಹೊರಸಿನ ಹತ್ತಿರ ಹೋಗಿ, ಕಲಿತ ಮಾತನ್ನು ಹೇಳಲು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅವಳು ಕರೆದಳು.

“ನಿಂಗೀ!”

ಕಣಜದೊಳಗೆ ಕೇಳಿದ ಅದೇ ತೆಳ್ಳನೆಯ ದನಿ. ನನ್ನ ಕೈ ತಾನಾಗಿ ಬಾಯಿಯ ಕಡೆ ಹೋಯಿತು. ತಿರುಗಿ ಅಜ್ಜಿಯನ್ನು ನೋಡಿದೆ. ನಡು ಮಧ್ಯಾಹ್ನದ ಕರೆಗೆ ಉತ್ತರಿಸಬೇಡ ಎಂದು ನನ್ನನ್ನು ಬೆಳೆಸಿದ ಅಜ್ಜಿ ಕಣ್ಣೀರು ಒರೆಸಿಕೊಳ್ಳುತ್ತ, “ಅನ್ನವಾ. ಓ ಅನ್ನು” ಎಂದಳು.

“ಓ” ಎಂದೆ.

ಅವಳು ತಿರುಗಿ ನೋಡಲಿಲ್ಲ. ಕಿವಿಯಷ್ಟೇ ನನ್ನ ಕಡೆ ಬರುವಂತೆ ತಲೆ ಹೊರಳಿಸಿದಳು. ಅವಳ ಭುಜ ಸಡಿಲವಾಯಿತು. “ಕೇಳಿಸ್ತವಾ” ಎಂದಳು. “ಕೇಳಿಸ್ತು ನನಗ.” ಆಮೇಲೆ ಕಿವಿಯ ಹಿಂದಿನಿಂದ ಸೆರಗು ಬಿಡಿಸಿ, ಬಲಗಿವಿಯ ಮೇಲೆ ಎಳೆದುಕೊಂಡು ನಿದ್ದೆ ಹೋದಳು.

ನಾವು ಬಸ್ಸಿನ ಹೊತ್ತಿನವರೆಗೆ ಕೂತೆವು, ಅವಳು ಏಳಲಿಲ್ಲ. ನನ್ನ ಮೂರು ಮಾತು ನನ್ನ ಬಾಯಲ್ಲೇ ಉಳಿದವು. ಹದಿನೈದು ದಿನಕ್ಕೆ ತೀರಿಹೋದಳೆಂದು ಸುದ್ದಿ ಬಂತು. ಅಂದಿನಿಂದ ಹೋಗುವವರೆಗೂ ಅವಳು ಯಾರನ್ನೂ ಕರೆಯಲಿಲ್ಲವಂತೆ. ನಾನು ಮಾಡಿದ್ದು ಇನ್ನೊಂದು ಸುಳ್ಳೋ, ಅವಳೇ ಕಲಿಸಿದ ಹುಸಿ ದನಿಯ ಆಟವೋ, ಇವತ್ತಿಗೂ ನನಗೆ ತಿಳಿದಿಲ್ಲ. ಮೊದಲಿನ ಸುಳ್ಳು ಅದರಿಂದ ತೊಳೆದುಹೋಗಲಿಲ್ಲ, ಅಷ್ಟು ಮಾತ್ರ ಬಲ್ಲೆ.

ನನ್ನ ಮಕ್ಕಳು, ಈಗ ಅವರ ಮಕ್ಕಳು, ಎಲ್ಲರೂ ನಮ್ಮ ಮನೆಯಲ್ಲಿ ಓ ಅಂದೇ ಅಡಗುತ್ತಾರೆ. ಅವರೂ ವಾದ ಮಾಡುತ್ತಾರೆ, ಕಾಲು ಬಡಿಯುತ್ತಾರೆ, ನಾನು ಜಗ್ಗುವುದಿಲ್ಲ. ಅವರು ಮಲಗಿದ ಮಧ್ಯಾಹ್ನಗಳಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ. ಪಕ್ಕದ ಮನೆಯ ಮಿಕ್ಸರ್ ಕೇಳಿಸುತ್ತದೆ. ಇನ್ನೂ ದೂರ, ರಿಕ್ಷಾಗಳು. ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು, ಭೋಂಗಾ ಇಲ್ಲ. ಅದಕ್ಕಿಂತಲೂ ದೂರದಿಂದ ಒಂದು ಕರೆ ಬರುತ್ತದೆ. ಕರೆಯುವುದು ನನ್ನ ಹೆಸರನ್ನಲ್ಲ. ಒಂದನೇ ಕರೆಗೇ ಓ ಅನ್ನುತ್ತೇನೆ.