ಅರವತ್ತು ದಿನಗಳ ಗಡುವು

ದತ್ತು ತೆಗೆದುಕೊಳ್ಳಲು ಹೆಸರು ನೋಂದಾಯಿಸಿದ ಮೇಲೆ ಮನೆ ನೋಡಲು ಬರುತ್ತಾರೆ ಎಂದು ಗೊತ್ತಿತ್ತು. ಆದರೆ ಮಲ್ಲಾಪುರದ ನಮ್ಮ ಕ್ವಾರ್ಟರ್ಸಿಗೆ ಬಂದ ಸಮಾಜ ಕಾರ್ಯಕರ್ತೆ ಕಿಟಕಿಯ ಚಿಲಕವನ್ನೂ ಎಳೆದು ನೋಡಿದರು. ನನ್ನನ್ನು ಬೇರೆ, ಗಂಡನನ್ನು ಬೇರೆ ಕೂರಿಸಿ ಅದದೇ ಪ್ರಶ್ನೆ ಕೇಳಿದರು.

"ನಾಳೆ ನಿಮಗೇ ಮಗು ಆದ್ರೆ ಈ ಮಗೂನ ಎಂತ ಮಾಡ್ತೀರಿ?"

ನಾವೇನು ಕಳ್ಳರೇ ಎನ್ನಿಸಿತು. ಹೋಗುವಾಗ ಆಕೆ ಪಕ್ಕದ ಮನೆಯ ಬಾಗಿಲು ತಟ್ಟಿದ್ದನ್ನು ಪರದೆಯ ಸಂದಿಯಿಂದ ನೋಡಿದೆ.

ಎರಡು ವರ್ಷ ಕಳೆದರೂ ಕರೆ ಬರಲಿಲ್ಲ. ಫೋನು ಮಾಡಿದರೆ "ಸರದಿ ಬರಬೇಕು" ಎಂಬ ಒಂದೇ ಉತ್ತರ. ಪಕ್ಕದ ಮನೆಯವಳು ನಮ್ಮ ಮೇಲೆ ಏನೋ ಹೇಳಿರಬೇಕು ಎಂದು ಅವಳ ಜೊತೆ ಮಾತು ಬಿಟ್ಟೆ. ಆ ಸಮಾಜ ಕಾರ್ಯಕರ್ತೆಯೇ ನಮ್ಮ ಅರ್ಜಿಯನ್ನು ಕೆಳಗೆ ತಳ್ಳಿದ್ದಾರೆ ಎಂದೂ ನಂಬಿದ್ದೆ.

ಆಗ ಅಂಕೋಲೆಯಿಂದ ಅತ್ತಿಗೆ ಬಂದಳು, ಗಂಡನ ದೊಡ್ಡಪ್ಪನ ಮಗಳು. "ಆ ಕಾಗದಪತ್ರ ಎಲ್ಲ ಎಂತಕ್ಕೆ ಮಾರಾಯ್ತಿ? ಸದಾಶಿವಗಡದಲ್ಲಿ ಒಂದು ಹುಡುಗಿ ಅದೆ. ಮದುವೆ ಆಗಲಿಲ್ಲ, ದಿನ ತುಂಬಿದೆ. ಆಸ್ಪತ್ರೆಗೆ ಸೇರಿಸುವಾಗ ನಿನ್ನ ಹೆಸರು ಬರೆಸಿದರಾಯ್ತು. ಜನನ ಪತ್ರವೂ ನಿನ್ನ ಹೆಸರಿಗೇ ಬರ್ತದೆ."

"ಆ ಹುಡುಗಿ ಒಪ್ಪಿದ್ದಾಳಾ?"

"ಒಪ್ಪದೇ ಎಂತ ಮಾಡ್ತಾಳೆ?"

ಆ ಮಾತು ನನಗೆ ಸರಿ ಕಾಣಲಿಲ್ಲ. ಆದರೂ ಮರುದಿನ ಗಂಡನಿಗೆ ಹೇಳದೆ ಅತ್ತಿಗೆಯ ಹಿಂದೆ ಹೋದೆ. ಆಸೆ ಅಷ್ಟಿತ್ತು.

ಕಾಳಿ ಸೇತುವೆ ದಾಟಿ, ಒಂದು ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದಳು. ಇಪ್ಪತ್ತರ ಆಸುಪಾಸಿನ ಹುಡುಗಿ, ಗೋವೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದವಳು, ಗೋಡೆಗೆ ಒರಗಿ ಕುಳಿತಿದ್ದಳು. ಅವಳನ್ನು ಒಬ್ಬಳೇ ಮಾತನಾಡಿಸಲು ಅತ್ತಿಗೆ ಬಿಡಲೇ ಇಲ್ಲ. ಫೋನು ಬಂದು ಅತ್ತಿಗೆ ಹೊರಗೆ ಹೋದಾಗ ಹುಡುಗಿ ಮೆಲ್ಲಗೆ ಕೇಳಿದಳು.

"ಅಕ್ಕಾ, ಮಗು ತಿರುಗಿ ಯಾವಾಗ ಕೊಡ್ತೀರಿ?"

"ತಿರುಗಿಯಾ?" ಎಂದೆ.

"ನನಗೆ ಕೆಲಸ ಸಿಗೋ ತನಕ ಸಾಕ್ತಾರೆ ಅಂತ ಹೇಳಿದ್ರಲ್ಲ?"

ಹೊರಗೆ ಬಂದು ಅತ್ತಿಗೆಗೆ ಏನೂ ಹೇಳದೆ ಕಾರವಾರದ ಬಸ್ಸು ಹತ್ತಿದೆ. ಯಾರನ್ನು ಎರಡು ವರ್ಷ ಮನಸ್ಸಿನಲ್ಲೇ ಬೈದಿದ್ದೆನೋ ಅವರ ಮೇಜಿನ ಎದುರೇ ಹೋಗಿ ಕುಳಿತು ಎಲ್ಲ ಹೇಳಿದೆ. ಸಮಾಜ ಕಾರ್ಯಕರ್ತೆ ಪೆನ್ನು ತೆಗೆದಾಗ ನಮ್ಮ ಹೆಸರನ್ನೇ ಹೊಡೆದುಹಾಕುತ್ತಾರೆ ಎಂದುಕೊಂಡೆ. ಅವರು ಹುಡುಗಿಯ ವಿಳಾಸ ಬರೆದುಕೊಂಡರು.

"ನೀವು ಹೇಳಿದ್ದು ದತ್ತು ಅಲ್ಲ, ಅಪರಾಧ," ಎಂದರು. "ತಾಯಿ ಮಗು ಬಿಟ್ಟುಕೊಡೋದಾದರೆ ಮಕ್ಕಳ ಕಲ್ಯಾಣ ಸಮಿತಿಯ ಎದುರು ಬಂದು ಹೇಳಬೇಕು. ಆಮೇಲೂ ಅವಳಿಗೆ ಅರವತ್ತು ದಿನ ಇರ್ತದೆ, ಮನಸ್ಸು ಬದಲಾಯಿಸಲಿಕ್ಕೆ."

"ಬದಲಾಯಿಸಿದರೆ?"

"ಮಗು ಅವಳದ್ದೇ."

ಹುಡುಗಿಗೆ ಹೆಣ್ಣು ಮಗು ಆಯಿತು. ಸಾಕುವ ದಾರಿ ಕಾಣದೆ ಸಮಿತಿಯ ಎದುರು ಸಹಿ ಹಾಕಿ ಬಿಟ್ಟುಹೋದಳಂತೆ. ಗಡುವು ಮುಗಿಯುವ ವಾರ ತನ್ನ ಚಿಕ್ಕಮ್ಮನ ಜೊತೆ ಬಂದು ಮಗುವನ್ನು ಎತ್ತಿಕೊಂಡು ಹೋದಳು. ಸುದ್ದಿ ಕೇಳಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅದರಲ್ಲಿ ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಹೇಳುವುದಿಲ್ಲ. ಅತ್ತಿಗೆ ಅದಾದ ಮೇಲೆ ಇವತ್ತಿನವರೆಗೂ ನಮ್ಮ ಮನೆಗೆ ಕಾಲಿಟ್ಟಿಲ್ಲ. ಅವಳು ನಮಗೆ ಉಪಕಾರ ಮಾಡಲು ಹೊರಟಿದ್ದಳೋ, ಬೇರೆ ಏನಾದರೂ ಇತ್ತೋ, ನನಗೆ ತಿಳಿಯಲಿಲ್ಲ.

ಮರುವರ್ಷ ನಮ್ಮ ಸರದಿ ಬಂತು. ಬೇರೆ ಜಿಲ್ಲೆಯ ಹುಡುಗಿ, ಎರಡೂವರೆ ವರ್ಷ. ಜಿಲ್ಲಾಧಿಕಾರಿಯ ದತ್ತು ಆದೇಶ ಬರುವವರೆಗೆ ಮಗು ನಮ್ಮ ಜೊತೆ ಇರಬಹುದು ಎಂದರು. ಆ ದಿನಗಳಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ನಾನು ಎತ್ತುತ್ತಿರಲಿಲ್ಲ. ಅವಳಿಗೂ ನಮ್ಮ ಮೇಲೆ ನಂಬಿಕೆ ಇರಲಿಲ್ಲ. ಚಪ್ಪಲಿ ಕಳಚಲು ಬಿಡುತ್ತಿರಲಿಲ್ಲ, ಹಾಕಿಕೊಂಡೇ ಮಲಗುತ್ತಿದ್ದಳು.

ಕಾರವಾರದ ಜಿಲ್ಲಾಧಿಕಾರಿ ಕಚೇರಿಯಿಂದ ಆದೇಶದ ಪ್ರತಿ ತಂದ ದಿನ ನಾನು ಮೂರು ಸಲ ಓದಿದೆ, ಎಲ್ಲಾದರೂ ತಪ್ಪು ಇದೆಯೇ ಎಂದು. ಇರಲಿಲ್ಲ. ಗಂಡ ಬಾಗಿಲ ಬಳಿ ಕುಳಿತು ಅವಳ ಮುಂದೆ ಕೈ ಚಾಚಿದರು. ಅವಳು ಬಹಳ ಹೊತ್ತು ನಮ್ಮಿಬ್ಬರ ಮುಖ ನೋಡಿದಳು. ಆಮೇಲೆ ಒಂದು ಚಪ್ಪಲಿ ಬಿಚ್ಚಿ ಕೊಟ್ಟಳು. ಇನ್ನೊಂದನ್ನು ಕೊಡಲಿಲ್ಲ.