ಕಾಕುವಿನ ಬಲಗೈ

ಮೊನ್ನೆ ಸೊಸೆ ಅಂಗಡಿಯಿಂದ ಜೋಳದ ರೊಟ್ಟಿಯ ಪ್ಯಾಕೆಟ್ ತಂದಳು. ಯಂತ್ರದ ರೊಟ್ಟಿ. ಎಲ್ಲವೂ ಒಂದೇ ಅಳತೆ, ಒಂದೇ ದುಂಡು. ತಿರುಗಿಸಿ ನೋಡಿದೆ, ಎಲ್ಲಿಯೂ ಒಂದು ಬೆರಳಿನ ಗುರುತಿಲ್ಲ! ಇದನ್ನೂ ರೊಟ್ಟಿ ಅನ್ನಬೇಕಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನ ಹಿಂದೆಯೇ ಕಾಕು ನೆನಪಾದಳು...

ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ರಾಯಬಾಗಕ್ಕೆ ಬಂದಾಗ ಪಕ್ಕದ ಮನೆಯಲ್ಲಿದ್ದವಳು ಅವಳು. ರಕ್ತಸಂಬಂಧವೇನೂ ಇಲ್ಲ; ಓಣಿಗೆಲ್ಲ ಅವಳು ಕಾಕು, ಅಂದರೆ ಚಿಕ್ಕಮ್ಮ; ಅವಳ ಗಂಡ ಕಾಕಾ. ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ದಮ್ಮಿನ ರೋಗಿ. ಕಾಕು ರೊಟ್ಟಿ ಬಡಿಯುವ ಸದ್ದು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ನನಗೆ ರೊಟ್ಟಿ ಕಲಿಸಿದವಳೂ ಅವಳೇ. ನನ್ನ ಮೊದಲ ರೊಟ್ಟಿ ನೋಡಿ, "ಇದೇನ ಬೇ, ಬೆಳಗಾಂವ ಜಿಲ್ಲಾದ ನಕಾಶಿ ತಗದೀಯಲ್ಲ!" ಎಂದು ಹೊಟ್ಟೆ ಹಿಡಿದು ನಕ್ಕಿದ್ದಳು.

ಒಂದು ವರ್ಷ ಆ ಬಡಿತ ತಪ್ಪತೊಡಗಿತು. ಅವಳ ಬಲ ಅಂಗೈಯಲ್ಲಿ ಗಂಟೊಂದು ಎದ್ದು, ಕಿರುಬೆರಳು ಮತ್ತು ಉಂಗುರಬೆರಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟಿದ್ದಾಯಿತು. ಅಂಗೈ ತೆರೆಯದೆ ರೊಟ್ಟಿ ಬಡಿಯುವುದು ಹೇಗೆ? ಕೊನೆಗೆ ರೈಲು ಹತ್ತಿಸಿ ಮಿರಜ್‌ನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಂಗೈಯ ಚರ್ಮದ ಕೆಳಗಿನ ಪದರ ಹುರಿಗಟ್ಟಿ ಬೆರಳನ್ನು ಎಳೆಯುತ್ತಿದೆ ಎಂದು ಡಾಕ್ಟರು ಅದನ್ನು ಕೊಯ್ದು ತೆಗೆದರು. ಬೆರಳು ನೆಟ್ಟಗೆ ನಿಲ್ಲಲೆಂದು ತುದಿಯಿಂದ ಮೊಳಕೈವರೆಗೆ ಬರುವ ಒಂದು ಗಟ್ಟಿ ಪಟ್ಟಿ ಕಟ್ಟಿ, ಕೆಲವು ತಿಂಗಳು ಇದು ಇರಲೇಬೇಕು, ಇಲ್ಲದಿದ್ದರೆ ಬೆರಳು ಮತ್ತೆ ಮಡಚೀತು ಎಂದು ಎಚ್ಚರಿಸಿದರು.

ಆ ಪಟ್ಟಿ ಕಟ್ಟಿದ ಕೈಯಲ್ಲಿ ಬಳೆಗೆ ಜಾಗವಿರಲಿಲ್ಲ. ಎಡಗೈ ತುಂಬ ಹಸಿರು ಬಳೆ, ಬಲಗೈ ಬೋಳು. "ಅರ್ಧಾ ಮುತ್ತೈದಿ ಅಂತ ಎಲ್ಲೆರ ಇರ್ತಾರೇನವಾ?" ಎಂದು ಕೊರಗುತ್ತಿದ್ದಳು. ಕಾಕಾ ಕೆಮ್ಮಿದಾಗಲೆಲ್ಲ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. "ನಿನ್ನ ಬಳಿ ಮ್ಯಾಲ ನನ್ನ ಉಸರ ನಿಂತೈತೇನ?" ಎಂದು ಕಾಕಾ ಬೈದರೂ ಅವಳ ಹೆದರಿಕೆ ಹೋಗಲಿಲ್ಲ.

ವಟಸಾವಿತ್ರಿ ಹುಣ್ಣಿಮೆ ಬಂತು. ಹೊಸ ಬಳೆ ಇಟ್ಟುಕೊಂಡು, ಗಂಡನ ಆಯುಷ್ಯಕ್ಕಾಗಿ ಆಲದ ಮರಕ್ಕೆ ನೂಲು ಸುತ್ತುವ ದಿನ. ಬೆಳಿಗ್ಗೆ ಕಾಕು ಬಂದು ನನ್ನ ಮುಂದೆ ಬಲಗೈ ಚಾಚಿದಳು. ಒಂದೇ ಕೈಯಿಂದ ಪಟ್ಟಿಯ ಗಂಟು ಬಿಚ್ಚಲು ಅವಳಿಗೆ ಆಗುತ್ತಿರಲಿಲ್ಲ.

"ಇವತ್ತೊಂದ ದಿನ ಬಿಚ್ಚವಾ. ಡಾಕ್ಟರಗೇನ ಗೊತ್ತಾಗ್ತೈತಿ?"

ಬಿಚ್ಚಿದೆ. ಬಳೆಗಾರ್ತಿ ಬಂದು ಒಂದು ಡಜನ್ ಏರಿಸಿದಳು. ಅವು ಮತ್ತೆ ಇಳಿಯಲಿಲ್ಲ. ಹಬ್ಬಕ್ಕೆ ತೊಟ್ಟ ಬಳೆ ತೆಗೆದರೆ ಅಪಶಕುನವಂತೆ! ಪಟ್ಟಿ ಟ್ರಂಕಿನ ಹಿಂದೆ ಸೇರಿತು. ನಾನೂ ಒತ್ತಾಯ ಮಾಡಲಿಲ್ಲ. ನನ್ನ ಕೈಯಲ್ಲೂ ಹಸಿರು ಬಳೆಗಳಿದ್ದವಲ್ಲ...

ಎರಡು ವರ್ಷದೊಳಗೆ ಬೆರಳು ಮತ್ತೆ ಮಡಚಿದವು, ಮೊದಲಿಗಿಂತ ಬಿಗಿಯಾಗಿ. ಇನ್ನೊಮ್ಮೆ ಆಪರೇಷನ್ ಮಾಡಿಸು ಎಂದರೆ, "ಮತ್ತ ಆ ಪಟ್ಟಿ? ಬ್ಯಾಡ" ಎನ್ನುತ್ತಿದ್ದಳು. ಎಡಗೈಯಿಂದ ಹೇಗೋ ದಪ್ಪ ರೊಟ್ಟಿ ತಟ್ಟುತ್ತಿದ್ದಳು. ಕಾಕಾ ಅದನ್ನೇ ಹೊಗಳಿ ತಿನ್ನುತ್ತಿದ್ದರು. ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಅವರು ತೀರಿಕೊಂಡರು.

ಮರುವರ್ಷ ಕಾಕು ತಾನಾಗಿಯೇ ಬಂದು, "ಮಿರಜಕ್ಕ ಹೋಗೂಣ ಬಾ" ಎಂದಳು. ಈ ಸಲದ ಶಸ್ತ್ರಚಿಕಿತ್ಸೆ ದೊಡ್ಡದು. ಅಂಗೈಯ ಗಟ್ಟಿಯಾದ ಚರ್ಮ ತೆಗೆದು ತೋಳಿನ ಚರ್ಮ ಕೂರಿಸಿದರು. ಗಾಯ ಮಾಯ್ದ ಮೇಲೆ ಪಟ್ಟಿ ಕಟ್ಟುತ್ತಾ, ಅಥಣಿ ಕಡೆಯ ನರ್ಸ್ ಒಬ್ಬಳು, "ಹೋದ ಸಲದಂಗ ಬಿಚ್ಚಿ ಒಗೀಬ್ಯಾಡ್ರಿ ಮತ್ತ" ಎಂದಳು.

"ಇಲ್ರಿ ಸಿಸ್ಟರ. ಈಗ ಅಡ್ಡ ಬರೂದೇನೂ ಉಳದಿಲ್ಲ. ಬಿಗಿ ಕಟ್ರಿ."

ನನಗೆ ಅಲ್ಲೇ ಅಳು ಬಂತು. ಕಾಕು ಅಳಲಿಲ್ಲ.

ಒಂದು ದಿನವೂ ಪಟ್ಟಿ ತಪ್ಪಿಸಲಿಲ್ಲ. ಬೆರಳು ಪೂರ್ತಿ ಅಲ್ಲದಿದ್ದರೂ ರೊಟ್ಟಿಗೆ ಸಾಕಾಗುವಷ್ಟು ತೆರೆದವು. ಮೊದಲ ರೊಟ್ಟಿ ಹಂಚಿಗೆ ಹಾಕಿದ ದಿನ ನಾನು ಪಕ್ಕದಲ್ಲೇ ಕುಳಿತಿದ್ದೆ. ತೆಳ್ಳಗೆ, ದುಂಡಗೆ ಉಬ್ಬಿತು. ಅದನ್ನು ತೆಗೆದು ತಾಟಿನಲ್ಲಿಟ್ಟು ಬಹಳ ಹೊತ್ತು ನೋಡಿದಳು.

"ಕೈ ಬಂತು ನೋಡವಾ. ತಿನ್ನಾವ್ರ ಹೋದ್ರು."

ಕಾಕು ಹೋಗಿಯೂ ಈಗ ಎಷ್ಟೋ ವರ್ಷವಾಯಿತು. ಅವಳು ಒಮ್ಮೆಯೂ ನನ್ನನ್ನು ದೂರಲಿಲ್ಲ. ಆದರೆ ಅವತ್ತು ಗಂಟು ಬಿಚ್ಚಿದ ಕೈ ನನ್ನದು. ಬಿಚ್ಚುವುದಿಲ್ಲ ಎಂದು ಜಗಳವಾಡಿದ್ದರೆ, ಗಂಡನಿಗೆ ಅವಳು ಇನ್ನೂ ಕೆಲವು ವರ್ಷ ಎರಡೂ ಕೈಯಿಂದ ಉಣಿಸುತ್ತಿದ್ದಳು. ತಪ್ಪಾಯಿತು ಎಂದು ಅವಳಿಗೆ ಹೇಳಬೇಕಿತ್ತು... ನಡುವೆ ಒಂದೇ ಗೋಡೆ ಇತ್ತು, ಹೇಳಲಿಲ್ಲ.